ಹೆಸರು ಉಲ್ಟಾ ಬರಿ

ಜೂನ್ 4

ಎಡಚೀ,

ತಲುಪಿದ ಕೂಡಲೇ ಬರೆಯುತ್ತೇನೆ ಅಂದವಳು ಹನ್ನೊಂದು ದಿನದಿಂದ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದೀಯ. ಹೇಗಿದ್ದೀಯ? ರೈಲಿನಲ್ಲಿ ಹತ್ತಿದ ಕೆಮ್ಮು ಇಳಿಯಿತೇ? ನಿನ್ನ ಸ್ಟುಡಿಯೋ ಯಜಮಾನರು ಚೆನ್ನಾಗಿದ್ದಾರೆಯೇ? ಇಲ್ಲಿ ನಿನ್ನ ದೊಡ್ಡಪ್ಪನ ಮಂಡಿ ಎಂದಿನಂತೆ ಮುನಿಸಿಕೊಂಡಿದೆ, ಬಾಯಿ ಮಾತ್ರ ಗಟ್ಟಿಮುಟ್ಟಾಗಿದೆ. ನಿನ್ನ ಅಮ್ಮ ದಿನಕ್ಕೆರಡು ಸಲ ಬಂದು "ಕಾಗದ ಬಂತೇನಕ್ಕ?" ಅಂತಾಳೆ. ಇಲ್ಲ ಅಂದರೆ ನಾನೇ ತಿಂದುಬಿಟ್ಟಿದ್ದೀನಿ ಅನ್ನುವ ಹಾಗೆ ನನ್ನ ಮುಖ ನೋಡಿ ಹೋಗುತ್ತಾಳೆ.

ಅವಳನ್ನು ತಪ್ಪು ಅನ್ನಲಾರೆ. ಅಷ್ಟು ದೂರ ಒಬ್ಬಳನ್ನೇ ಕಳಿಸಲ್ಲ ಅಂತ ಅವಳು ಹಟ ಹಿಡಿದಾಗ "ಆ ಸ್ಟುಡಿಯೋ ಯಜಮಾನ ನಮ್ಮ ಕ್ಯಾಮೆರಾದವರ ಮಗ ಕಣೇ, ಅವರಪ್ಪನ ಜತೆ ನಾನು ಇಪ್ಪತ್ತು ವರ್ಷ ಕೆಲಸ ಮಾಡಿದ್ದೀನಿ, ನನ್ನ ಮಾತಿಗೆ ಕಳಿಸು" ಅಂದವಳು ನಾನು.

ಸಿನಿಮಾ ಶುರುವಾಗುವಾಗ ಹೆಸರುಗಳು ಬರುವ ಆ ಎರಡು ಮೂರು ನಿಮಿಷವಿದೆಯಲ್ಲ, ಮೂವತ್ತೊಂದು ವರ್ಷ ನನ್ನ ಬದುಕು ಅದರೊಳಗೇ ಕಳೆಯಿತು. ಗಾಜು ತೊಳೆಯಲು ಹೋದವಳು ನಾನು. ನಿನ್ನ ದೊಡ್ಡಪ್ಪ ಗಾಜಿನ ಹಿಂಬದಿಯಲ್ಲಿ, ಬಲದಿಂದ ಎಡಕ್ಕೆ, ಉಲ್ಟಾ ಅಕ್ಷರ ಬರೆಯುವುದನ್ನು ನೋಡಿ ನೋಡಿ ಕಲಿತೆ. ಯಾರೂ ಹೇಳಿಕೊಡಲಿಲ್ಲ. ಆಮೇಲೆ ನೀನು ಹುಟ್ಟಿದೆ. ಒಂದನೇ ಕ್ಲಾಸಿನಲ್ಲಿ ಎಡಗೈಯಲ್ಲಿ ಎಲ್ಲವನ್ನೂ ಉಲ್ಟಾ ಬರೆದು ಟೀಚರಿಂದ ಬೆರಳ ಗೆಣ್ಣಿಗೆ ಏಟು ತಿಂದು ಅಳುತ್ತಾ ಬಂದಾಗ ನಾನು ಕುಣಿದಾಡಿದ್ದು ನೆನಪಿದೆಯಾ? ನಮ್ಮ ಕಸುಬಿಗೆ ಇನ್ನೊಬ್ಬಳು ಬಂದಳು ಅಂತ!

ಆದ್ದರಿಂದ ನಮ್ಮ ಹಳೆಯ ಒಪ್ಪಂದ ಮರೆಯಬೇಡ. ಕಾಗದದ ಕೊನೆಗೆ ಹೆಸರು ಉಲ್ಟಾ ಬರಿ. ನೇರ ಬರೆದರೆ ಅದು ನೀನಲ್ಲ ಅಂತ ತಿಳಿಯುತ್ತೇನೆ. ನಿನ್ನ ಕೋಣೆ ಹೇಗಿದೆ, ನನ್ನ ಕಣ್ಣಿಗೆ ಕಟ್ಟುವ ಹಾಗೆ ತಿಳಿಸು.

ನಿನ್ನ ದೊಡ್ಡಮ್ಮ


ಜೂನ್ 13

ದೊಡ್ಡಮ್ಮಾ,

ಬೈಯಬೇಡ. ಕೆಮ್ಮು ಹೋಯಿತು, ಕೆಲಸ ಕುತ್ತಿಗೆವರೆಗೆ ಬಂತು.

ಕೋಣೆ ಮೂರನೇ ಮಹಡಿಯಲ್ಲಿದೆ. ಕೆಳಗೆ ರಸ್ತೆಗೆ ಮುಖ ಮಾಡಿ ಹೊಲಿಗೆಯಮ್ಮನ ಅಂಗಡಿ, ಅದರ ಮೇಲೆ ಆಫೀಸು, ಅದರ ಮೇಲೆ ಎಡಿಟಿಂಗ್ ರೂಮು, ಅದರ ಮೇಲೆ ನಾನು. ಮೊದಲು ಇದು ಮೇಕಪ್ ರೂಮಾಗಿತ್ತಂತೆ, ಒಂದು ಗೋಡೆಯೊಳಕ್ಕೆ ಆಳೆತ್ತರದ ಕನ್ನಡಿ ಕೂರಿಸಿದ್ದಾರೆ. ಎದುರು ಗೋಡೆಯಲ್ಲಿ ಕಿಟಕಿ. ಅದರ ಅಗುಳಿ ಸಡಿಲ, ನಾನೇ ನೀಲಿ ದಾರ ಸುತ್ತಿ ಗಂಟು ಹಾಕಿದ್ದೇನೆ. ಕಿಟಕಿ ಪಕ್ಕ ಗೋಡೆ ಬಿರುಕು ಬಿಟ್ಟಿದೆ, ಥೇಟ್ ಕೊಡೆಯ ಹಿಡಿಯ ಹಾಗೆ ಬಲಕ್ಕೆ ಬಾಗಿದೆ. ಪಕ್ಕದ ಗೋಡೆಗೆ ಒಂದು ಮೇಜು, ಅಲ್ಲೇ ಕೂತು ಇದನ್ನು ಬರೆಯುತ್ತಿದ್ದೇನೆ. ಬಾಚಣಿಗೆಯ ಎರಡು ಹಲ್ಲು ಪ್ರಯಾಣದಲ್ಲೇ ಹುತಾತ್ಮವಾದವು. ಇಷ್ಟೇ ನನ್ನ ಸಂಸಾರ.

ಯಜಮಾನರು ಮೆತ್ತಗೆ ಮಾತಾಡುವವರು. ಹೋಗಿ ಬನ್ನಿ ಅಂತ ಬಹುವಚನ ಬಿಟ್ಟು ಮಾತೇ ಇಲ್ಲ. ಕಾಗದ ಎಲ್ಲಾ ಆಫೀಸಿಗೆ ಬರುತ್ತದೆ, ಅವರೇ ಲಕೋಟೆಯ ಅಂಚು ಕತ್ತರಿಸಿ ತಂದುಕೊಡುತ್ತಾರೆ. "ನಿಮ್ಮ ಬೆರಳಲ್ಲಿ ಯಾವಾಗ್ಲೂ ಬಣ್ಣ ಇರುತ್ತೆ, ಮನೆ ಕಾಗದ ಕೊಳೆ ಆಗ್ಬಾರ್ದು" ಅಂದರು. ನಮ್ಮದನ್ನು ಅಂಚೆಗೆ ಹಾಕಿಸುವುದೂ ಅವರೇ.

ಈಗ ಅಸಲು ವಿಷಯ. ಸಸ್ಪೆನ್ಸ್ ಚಿತ್ರ, ಎರಡೂವರೆ ನಿಮಿಷದ ಟೈಟಲ್ಲು, ಪೂರ್ತಿ ನನ್ನದು! "ಹೆಣ ಬೇಡ, ರಕ್ತ ಬೇಡ. ಹೆಸರು ಓದ್ತಾ ಓದ್ತಾ ಜನ ಕುರ್ಚಿ ಹಿಡ್ಕೋಬೇಕು, ಅಷ್ಟೇ" ಅಂದಿದ್ದಾರೆ. ನಾನು ಇಲ್ಲಿಯವರೆಗೆ ಯಾರನ್ನೂ ಹೆದರಿಸಿಲ್ಲ, ಅಮ್ಮನನ್ನು ಬಿಟ್ಟು. ಹೇಗೆ ಹೆದರಿಸಲಿ ದೊಡ್ಡಮ್ಮ?

ಚಿಡಎ


ಜೂನ್ 21

ಎಡಚೀ,

ಉಲ್ಟಾ ಹೆಸರು ನೋಡಿ ಹೊಟ್ಟೆ ತುಂಬಿತು. ನಿನ್ನ ಅಮ್ಮ ಕಾಗದವನ್ನು ಮೂರು ಸಲ ಓದಿಸಿಕೊಂಡು "ಬಾಚಣಿಗೆ ಕಳಿಸ್ಬೇಕು" ಅಂತ ಎದ್ದುಹೋದಳು. ನಿನ್ನ ಯಜಮಾನರ ಮರ್ಯಾದೆ ನೋಡು! ನಿನ್ನ ದೊಡ್ಡಪ್ಪ ಇಷ್ಟು ವರ್ಷದಲ್ಲಿ ನನಗೆ ಒಂದು ಲಕೋಟೆ ಕತ್ತರಿಸಿ ಕೊಟ್ಟವರಲ್ಲ.

ಹೆದರಿಸುವುದು ಹೇಗೆ ಅಂತ ಕೇಳಿದ್ದೀಯ. ಹೆಚ್ಚು ಓದಿದವಳಲ್ಲ ನಾನು, ಕೈಗೆ ತಿಳಿದಷ್ಟು ಹೇಳುತ್ತೇನೆ.

ಭಯ ಅಕ್ಷರದಲ್ಲಿ ಇರುವುದಿಲ್ಲ ಮಗಳೇ, ಅಕ್ಷರ ಅಕ್ಷರದ ನಡುವಿನ ಜಾಗದಲ್ಲಿ ಇರುತ್ತದೆ. ಅದನ್ನು ಒಂದು ಕೂದಲೆಳೆ ಹೆಚ್ಚು ಬಿಡು. ಏನೋ ಸರಿಯಿಲ್ಲ ಅನ್ನಿಸಬೇಕು, ಏನು ಅಂತ ತಿಳಿಯಬಾರದು. ಹೆಸರನ್ನು ಜನ ಓದಿ ಮುಗಿಸಿದ ಕೂಡಲೇ ತೆಗೆಯಬೇಡ. 'ಇದು ಇನ್ನೂ ಯಾಕೆ ಹೋಗಲಿಲ್ಲ' ಅಂತ ಒಳಗೆ ಚುರುಕ್ಕನ್ನುವವರೆಗೆ ನಿಲ್ಲಿಸು.

ಆಮೇಲೆ, ದಿನಾ ನೋಡುವ ವಸ್ತುವನ್ನು ತೀರಾ ಹತ್ತಿರದಿಂದ ತೋರಿಸು. ನಾವು ಒಂದು ಚಿತ್ರಕ್ಕೆ ಬರೀ ಅಂಗಿಯ ಗುಂಡಿ ತೋರಿಸಿದ್ದೆವು. ಎರಡು ಕೈ ನಿಧಾನವಾಗಿ ಗುಂಡಿ ಹಾಕುತ್ತಿವೆ. ಒಂದು ಗುಂಡಿ, ಒಂದು ಹೆಸರು. ಇನ್ನೊಂದು ಗುಂಡಿ, ಇನ್ನೊಂದು ಹೆಸರು. ಐದನೇ ಗುಂಡಿಗೆ ಮೂರನೆಯದೊಂದು ಕೈ ಬಂತು. ಥಿಯೇಟರಿನಲ್ಲಿ ಹೆಂಗಸರಿರಲಿ, ಗೇಟ್‌ಕೀಪರೇ ಚೀರಿದ.

ಎಲ್ಲಕ್ಕಿಂತ ದೊಡ್ಡ ಪ್ರಶ್ನೆ ಒಂದಿದೆ: ಇದು ಯಾರ ಕಣ್ಣು? ನೋಡುತ್ತಿರುವವರು ಯಾರು ಅಂತ ಜನರಿಗೆ ಕೊನೆಯವರೆಗೂ ಹೇಳಬೇಡ. ಮುಖವನ್ನಂತೂ ಕೊನೆಯ ತುಂಡಿಗೇ ಇಡು. ತನ್ನನ್ನು ಯಾರೋ ನೋಡುತ್ತಿದ್ದಾರೆ ಅಂತ ಆಗಷ್ಟೇ ಗೊತ್ತಾದ ಮುಖ. ಆದರೆ ಅದು ನಟನೆಯಲ್ಲಿ ಬರುವುದಿಲ್ಲ, ನಾವು ಎಷ್ಟೋ ನಟಿಯರನ್ನು ಇಟ್ಟುಕೊಂಡು ಸೋತೆವು.

ನಿನ್ನ ಯಜಮಾನರ ಅಪ್ಪ ಇದಕ್ಕೆಲ್ಲ ಭಾರಿ ತಲೆ ಓಡಿಸುತ್ತಿದ್ದರು. ಅಕ್ಷರ ಮತ್ತು ದೃಶ್ಯ ಒಟ್ಟಿಗೆ ಕಾಣಲಿ ಅಂತ ಕ್ಯಾಮೆರಾ ಮುಂದೆ ಅರೆಗನ್ನಡಿ ಇಡುತ್ತಿದ್ದೆವು. ಬೆಳಕಿರುವ ಕಡೆಯಿಂದ ನೋಡಿದರೆ ಕನ್ನಡಿ, ಕತ್ತಲೆಯ ಕಡೆಯಿಂದ ನೋಡಿದರೆ ಬರೀ ಗಾಜು. ಅವರು ಒಂದು ಆಳೆತ್ತರದ್ದನ್ನು ಮಾಡಿಸಿ ತಂದಿದ್ದರು. ಎತ್ತಲು ನಾಲ್ಕು ಜನ ಬೇಕಿತ್ತು. ಎಲ್ಲಿ ಹೋಯಿತೋ ಏನೋ.

ನಿನ್ನ ದೊಡ್ಡಮ್ಮ


ಜುಲೈ 5

ದೊಡ್ಡಮ್ಮಾ,

ನೀನು ಹೇಳಿದ ಹಾಗೇ ಅಕ್ಷರದ ನಡುವೆ ಕೂದಲೆಳೆ ಬಿಟ್ಟೆ. ಮೊದಲ ತುಂಡು ನೋಡಿ ಎಡಿಟರ್ ಟೀ ಲೋಟ ಕೆಳಗಿಟ್ಟರು. ಅವರ ಮಟ್ಟಿಗೆ ಅದು ಚಪ್ಪಾಳೆ.

ಚಿತ್ರದ ತುಂಡುಗಳನ್ನು ಯಜಮಾನರೇ ತೆಗೆದು ತಂದುಕೊಡುತ್ತಾರೆ, ಎಲ್ಲ ಹಗಲು ಬೆಳಕಿನವು, ಕಪ್ಪು ಬಿಳುಪು. ಯಾರೋ ಹುಡುಗಿ, ಮುಖ ಇಲ್ಲ. ತಲೆ ಬಾಚುವ ಕೈ. ಮಂಚದಿಂದ ಇಳಿಯುವ ಪಾದ. ಕತ್ತಿನ ಹಿಂಭಾಗ. ಎಷ್ಟು ಹತ್ತಿರದಿಂದ ತೆಗೆದಿದ್ದಾರೆ ಅಂದರೆ ಕೂದಲು ಬೇರಿನ ಹಾಗೆ ಕಾಣುತ್ತದೆ. ಬಾಚಣಿಗೆಯ ಹಲ್ಲು ಮುರಿದಿದೆ, ನನ್ನದರ ಹಾಗೆಯೇ. ನಗು ಬಂತು, ಆಮೇಲೆ ಯಾಕೋ ನಗು ನಿಂತುಹೋಯಿತು. ಆದರೆ ಅವಳು ಬಲಗೈಯವಳು. ಲೋಕದಲ್ಲಿ ಎಷ್ಟು ಮುರುಕು ಬಾಚಣಿಗೆಗಳಿಲ್ಲ!

ಒಂದು ತಮಾಷೆ ಕೇಳು. ಕೊನೆಯ ತುಂಡು ಯಾವಾಗ ಕೊಡುತ್ತೀರಿ ಅಂದೆ. "ಅದರಲ್ಲಿ ಮುಖ ಬರುತ್ತೆ. ನೋಡ್ತಿದ್ದಾರೆ ಅಂತ ಆಗಷ್ಟೇ ಗೊತ್ತಾದ ಮುಖ. ನಟನೆಯಲ್ಲಿ ಬರಲ್ಲ, ಕಾಯ್ಬೇಕು" ಅಂದರು. ನೀನು ಬರೆದ ಮಾತು ಅಕ್ಷರ ತಪ್ಪದೆ ಅವರ ಬಾಯಲ್ಲಿ! ಒಂದೇ ಗರಡಿಯವರು ಅಂದರೆ ಹೀಗೇ ಇರಬೇಕು.

ಇಲ್ಲಿ ಇಲಿ ಕಾಟ. ಕನ್ನಡಿ ಇರುವ ಗೋಡೆಯೊಳಗೆ ಮಧ್ಯಾಹ್ನ ಹೊತ್ತು ಏನೋ ಸರಿದಾಡುತ್ತದೆ. ಬಾಗಿಲ ಚಿಲಕವನ್ನು ರಿಪೇರಿಗೆ ಅಂತ ಬಿಚ್ಚಿಕೊಂಡು ಹೋಗಿ ನಾಲ್ಕು ದಿನವಾಯಿತು. ಜಾಸ್ತಿ ಹೊರಗೆ ಹೋಗಬೇಡಿ, ಕೆಲಸದ ಗುಂಗು ಕೆಡುತ್ತದೆ ಅಂದಿದ್ದಾರೆ. ಹೊಲಿಗೆಯಮ್ಮ ಮಾತ್ರ ಮೆಟ್ಟಿಲ ಹತ್ತಿರ ನಿಂತು "ಏನಮ್ಮ, ಬಿಸಿಲು ನೋಡಿ ಎಷ್ಟು ದಿನ ಆಯ್ತು, ಬಿಳಿಚ್ಕೊಂಡಿದೀಯ" ಅಂತ ರೇಗಿಸುತ್ತಾರೆ. ನಿದ್ದೆ ಸ್ವಲ್ಪ ಕಡಿಮೆ. ಅಮ್ಮನಿಗೆ ಹೇಳಬೇಡ.

ಆರು ಪುಟ್ಟ ಪ್ರಿಂಟು ಇಟ್ಟಿದ್ದೇನೆ. ಯಾವುದರ ಮೇಲೆ ಹೆಸರು ಎಲ್ಲಿ ಕೂರಬೇಕು, ನೋಡಿ ಹೇಳು.

ಚಿಡಎ


ಜುಲೈ 12, ಬೆಳಿಗ್ಗೆ

ಮಗಳೇ,

ಇದನ್ನು ಓದಿ ಮುಗಿಸಬೇಡ. ಮೊದಲು ಚಪ್ಪಲಿ ಮೆಟ್ಟಿಕೊಂಡು ಕೆಳಗೆ ಇಳಿ. ಹೊಲಿಗೆಯಮ್ಮನ ಅಂಗಡಿಯಲ್ಲಿ ಕೂತು ಮಿಕ್ಕಿದ್ದು ಓದು.

ಪ್ರಿಂಟುಗಳನ್ನು ಕಿಟಕಿ ಗಾಜಿನ ಹೊರಮೈಗೆ ಅಂಟಿಸಿದೆ. ಹೆಸರು ಎಲ್ಲಿ ಕೂರುತ್ತದೆ ನೋಡಲು ನನ್ನ ಅಭ್ಯಾಸದಂತೆ ಒಳಗೆ ಬಂದು ಹಿಂಬದಿಯಿಂದ ನೋಡಿದೆ. ಬೆಳಕಿಗೆ ಎಲ್ಲಾ ತಿರುಗಿ ಕಂಡವು. ಬಲಗೈ ಎಡಗೈ ಆಯಿತು. ಗೋಡೆಯ ಮೇಲಿನ ಗೆರೆ ಕೊಡೆಯ ಹಿಡಿಯಾಗಿ ಬಲಕ್ಕೆ ಬಾಗಿತು. ಅಗುಳಿಗೆ ಸುತ್ತಿದ ದಾರ, ಅದಕ್ಕೆ ಹಾಕಿದ ಎಡಚರ ಗಂಟು. ಆ ಗಂಟನ್ನು ನಾನು ನಿನ್ನ ಶಾಲೆಯ ಬೂಟಿನಿಂದ ಎಷ್ಟು ವರ್ಷ ಬಿಚ್ಚಿಲ್ಲ!

ಆದರೂ ನನಗೆ ವಯಸ್ಸಾಯಿತು, ಕಣ್ಣು ಸುಳ್ಳು ಹೇಳುತ್ತಿದೆ ಅಂದುಕೊಂಡೆ. ಆರನೇ ಚಿತ್ರಕ್ಕೆ ಭೂತಗನ್ನಡಿ ಹಿಡಿದೆ, ಈ ಸಲ ಎದುರಿನಿಂದ. ಏನೋ ಬರೆಯುತ್ತಿರುವ ಕೈ. ಕಾಗದದ ಸಾಲುಗಳೆಲ್ಲ ಉಲ್ಟಾ ಇವೆ. ಕೊನೆಯ ಒಂದು ಪದ ಮಾತ್ರ ನೇರ. ಮೂರೇ ಅಕ್ಷರ. ಎಡಚಿ.

ಲೋಕದಲ್ಲಿ ಹಾಗೆ ಬರೆಯುವವಳು ಒಬ್ಬಳೇ. ಅದು ನನಗೆ ಬರೆದ ಕಾಗದ.

ನಿನಗೆ ಗುರುತು ಸಿಗದಿರಲಿ ಅಂತ ಫಿಲ್ಮನ್ನು ತಿರುವಿ ಹಾಕಿದ್ದಾನೆ. ಆ ಆಳೆತ್ತರದ ಅರೆಗನ್ನಡಿ ಎಲ್ಲಿ ಹೋಯಿತು ಅಂತ ನನಗೀಗ ಗೊತ್ತಾಯಿತು. ಗೋಡೆಯೊಳಗೆ ಓಡಾಡುತ್ತಿರುವುದು ಇಲಿಯಲ್ಲ. ಬಟ್ಟೆ, ಪೆಟ್ಟಿಗೆ, ಸಂಬಳ ಯಾವುದೂ ಬೇಡ. ಬಾ.

ದೊಡ್ಡಮ್ಮ


ಜುಲೈ 12, ಮಧ್ಯಾಹ್ನ
(ಕಳಿಸದ ಕಾಗದ)

ಎಡಚೀ, ಇದನ್ನು ನಿನಗೆ ಕಳಿಸುವ ಹಾಗಿಲ್ಲ. ಆದರೆ ನಿನ್ನ ಹತ್ತಿರ ಅಲ್ಲದೆ ಇನ್ನು ಯಾರ ಹತ್ತಿರ ಹೇಳಲಿ?

ಬೆಳಗಿನ ಕಾಗದವನ್ನು ಓಡಿ ಹೋಗಿ ಡಬ್ಬಿಗೆ ಹಾಕಿ ಬಂದೆ. ಕಾಫಿಗೆ ನೀರಿಟ್ಟೆ. ನೀರು ಕುದಿಯುವಾಗ ನೆನಪಾಯಿತು. ನಿನ್ನ ಲಕೋಟೆ ಕತ್ತರಿಸುವವನು ಅವನು. 'ಅಕ್ಷರ ತಪ್ಪದೆ' ಅಂತ ನೀನೇ ಬರೆದಿದ್ದೆಯಲ್ಲ, ಅದನ್ನು ಓದಿಯೂ ನನ್ನ ಮಂಡೆಗೆ ಹೋಗಲಿಲ್ಲ. ಅವನು ನನ್ನ ಮಾತು ಕದ್ದಿದ್ದಾನೆ. ಮುಖ ಕೊನೆಗೆ ಇಡು ಅಂತ ಅವನಿಗೆ ಹೇಳಿಕೊಟ್ಟವಳೇ ನಾನು.

ಅಂಚೆ ಕಚೇರಿಗೆ ಮತ್ತೆ ಓಡಿದೆ. ಚೀಲ ಹೊರಟುಹೋಗಿತ್ತು. ಅಲ್ಲಿಂದಲೇ ಸ್ಟುಡಿಯೋಗೆ ಫೋನು ಮಾಡಿಸಿದೆ. ಅವನೇ ಎತ್ತಿದ. "ಕೊಡ್ತೀನಿ ಅಮ್ಮ, ಇಲ್ಲೇ ಇದ್ದಾರೆ" ಅಂದ. ನೀನು ಬಂದೆ. "ಚೆನ್ನಾಗಿದ್ದೀನಿ ದೊಡ್ಡಮ್ಮ, ಯಾಕೆ ಇಷ್ಟು ಏದುಸಿರು?" ಅಂದೆ. ಆ ಕಡೆ ಅವನು ಉಸಿರಾಡುವುದು ನನಗೆ ಕೇಳುತ್ತಿತ್ತು. ನಾನು ಹೇಡಿ ಮಗಳೇ. "ಬಾಚಣಿಗೆ ಕಳಿಸ್ತಿದ್ದೀವಿ" ಅಂದು ಇಟ್ಟುಬಿಟ್ಟೆ.

ದೊಡ್ಡಪ್ಪ ಅಂದರು, "ನೀನು ಕಂಡಿದ್ದು ನಿಜಾನೇ ಇರ್ಬಹುದು, ಸುಳ್ಳೂ ಇರ್ಬಹುದು. ಅವಳ ಉತ್ತರ ಬರ್ಲಿ ಕಣೇ. ಹೆಸರು ಉಲ್ಟಾ ಇದ್ರೆ ಸರಿ. ಇಲ್ದಿದ್ರೆ ಕುಂಟ್ಕೊಂಡಾದ್ರೂ ಹೊರಡೋಣ."

ಕಾಯುತ್ತಿದ್ದೇನೆ.


ಜುಲೈ 18

ಪ್ರೀತಿಯ ದೊಡ್ಡಮ್ಮನವರಿಗೆ,

ನಾನು ಕ್ಷೇಮವಾಗಿದ್ದೇನೆ. ನೀವು ಕ್ಷೇಮವೆಂದು ನಂಬಿರುತ್ತೇನೆ. ನಿಮ್ಮ ಕಾಗದ ಓದಿ ನಾನೂ ಯಜಮಾನರೂ ಬಹಳ ನಕ್ಕೆವು. ವಯಸ್ಸಾದವರಿಗೆ ಹೀಗೆಲ್ಲ ಅನ್ನಿಸುವುದು ಸಹಜ. ನನ್ನ ಬಗ್ಗೆ ಯಾರೂ ಚಿಂತಿಸಬೇಕಾಗಿಲ್ಲ, ಯಾರೂ ಬರಬೇಕಾಗಿಲ್ಲ.

ಕೆಲಸ ಚೆನ್ನಾಗಿ ನಡೆದಿದೆ. ಕೊನೆಯ ತುಂಡು ಸಿಕ್ಕಿತು. ನಾನು ನಿಮ್ಮ ಕಾಗದ ಓದುವಾಗಲೇ ತೆಗೆದುಕೊಂಡರು. ಆದರೆ ಅದು ಸಾಲದಂತೆ, ಇನ್ನೂ ಬೇಕಂತೆ. ಆದ್ದರಿಂದ ಹೊರಗೆ ಹೋಗಲು ಪುರುಸೊತ್ತಿಲ್ಲ. ಸ್ವಲ್ಪ ದಿನ ಕಾಗದ ಬರೆಯದಿದ್ದರೆ ತಪ್ಪು ತಿಳಿಯಬೇಡಿ.

ಎಡಚಿ


ಜುಲೈ 24

ಎಡಚೀ,

ಹೇಗಿದ್ದೀಯ? ನಿನ್ನ ಯಜಮಾನರು ಚೆನ್ನಾಗಿದ್ದಾರೆಯೇ? ಎಡಿಟರ್ ಸಾಹೇಬರು? ಕೆಳಗಿನ ಹೊಲಿಗೆಯಮ್ಮ? ಇಲ್ಲಿ ದೊಡ್ಡಪ್ಪನ ಮಂಡಿ ಸುಧಾರಿಸಿದೆ. ನಿನ್ನ ಅಮ್ಮ ಹೊಸ ಬಾಚಣಿಗೆ ಕೊಂಡಿಟ್ಟಿದ್ದಾಳೆ.

ನನ್ನ ಹಿಂದಿನ ಕಾಗದಕ್ಕೆ ನೀವಿಬ್ಬರೂ ನಕ್ಕಿದ್ದು ಒಳ್ಳೆಯದೇ ಆಯಿತು. ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದೆ. "ಏನಜ್ಜಿ, ಈ ಕನ್ನಡಕದಲ್ಲಿ ಇಷ್ಟು ದಿನ ಏನ್ ನೋಡ್ತಿದ್ರಿ?" ಅಂತ ಅವರೂ ನಕ್ಕರು. ಮುದುಕಿಯ ಹುಚ್ಚು, ಯಜಮಾನರು ಮನಸ್ಸಿಗೆ ಹಚ್ಚಿಕೊಳ್ಳಬಾರದು ಅಂತ ಹೇಳು. ಅವರ ಅಪ್ಪ ಇದ್ದಿದ್ದರೆ ನಿಮ್ಮ ಕೆಲಸ ನೋಡಿ ಹೆಮ್ಮೆಪಡುತ್ತಿದ್ದರು.

ಟೈಟಲ್ಲಿನ ಕೊನೆಯ ಹೆಸರಿನ ಕಾರ್ಡಿನ ಸುತ್ತ ಹಾಕಲು ಒಂದು ಬಳ್ಳಿ ಬರೆದು ಕಳಿಸಿದ್ದೇನೆ, ಈ ಕಾಗದದ ನಾಲ್ಕೂ ಅಂಚಿಗೆ ಇದೆ ನೋಡು. ಹಳೆಯ ಕಾಲದ ಸುರುಳಿ, ಎಲೆ, ಮೊಗ್ಗು. ಇಷ್ಟವಾದರೆ ಬಳಸಿಕೋ. ಮೇಲಿನ ಬಲ ಮೂಲೆಯಿಂದ ಶುರು ಮಾಡಿದರೆ ಕೈ ಸಲೀಸಾಗಿ ಓಡುತ್ತದೆ.

ನಿನ್ನ ದೊಡ್ಡಮ್ಮ

(ಅಂಚಿನ ಬಳ್ಳಿಯಲ್ಲಿ, ಬಲದಿಂದ ಎಡಕ್ಕೆ)

ನಿನ್ನ ಹೆಸರು ನೇರ ಇತ್ತು. ನೋಡಿದೆ. ನಮ್ಮ ಒಪ್ಪಂದ ಅವನ ಕಣ್ಣಿಗೂ ಬಿದ್ದಿರಬೇಕು, ಬರೀ ಆಟ ಅಂತ ಮರೆತಿದ್ದಾನೆ. ನನ್ನನ್ನು ನೀವು ಅಂದೆ. ಕೇಳಿಸಿತು. ನಮ್ಮ ಅಕ್ಷರ ಗುಂಡಗೆ ಮಗಳೇ, ತಿರುವಿ ಬರೆದು ಎರಡು ಎಲೆ ಸಿಕ್ಕಿಸಿದರೆ ಯಾರಿಗೂ ಅಕ್ಷರ ಅನ್ನಿಸುವುದಿಲ್ಲ. ಅವನು ಗಾಜಿನ ಹಿಂದೆ ನಿಂತು ನೋಡಿದರೂ ಅವನಿಗೆ ಬಳ್ಳಿಯೇ ಕಾಣುತ್ತದೆ.

ಇಲ್ಲಿನ ಠಾಣೆಗೆ ಹೋಗಿದ್ದೆವು. "ಹುಡುಗಿ ಚೆನ್ನಾಗಿದ್ದೀನಿ ಅಂತ ಬರ್ದಿದ್ದಾಳಲ್ಲಮ್ಮ. ಹೆಸರು ಉಲ್ಟಾ ಇಲ್ಲ ಅನ್ನೋದೂ ಒಂದು ಕಂಪ್ಲೇಂಟಾ?" ಅಂದರು. ಆದ್ದರಿಂದ ನಾವೇ ಬರುತ್ತಿದ್ದೇವೆ. ರೈಲು ವಾರಕ್ಕೊಂದೇ, ಸೋಮವಾರ. ನಾನು, ದೊಡ್ಡಪ್ಪ, ನಿನ್ನ ಅಮ್ಮ. ಹೊಲಿಗೆಯಮ್ಮನಿಗೆ ಬೇರೆ ಕಾಗದ ಹಾಕಿದ್ದೇನೆ, ಅವರ ಲಕೋಟೆ ಅವರೇ ಒಡೆಯುತ್ತಾರೆ. ಒಂದನೇ ತಾರೀಕು ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಮೆಟ್ಟಿಲ ಮೇಲೆ ನಿಂತು "ರವಿಕೆ ಅಳತೆ ಕೊಡೋಕೆ ಬಾಮ್ಮ" ಅಂತ ಕೂಗುತ್ತಾರೆ. ಬರಿಗೈಯಲ್ಲಿ ಇಳಿದು ಬಾ. ಬಾಗಿಲು ದಾಟಲು ಬಿಡದಿದ್ದರೆ ಕಿಟಕಿಯ ನೀಲಿ ದಾರ ಬಿಚ್ಚಿ ಹೊರಗೆ ಹಾಕು, ನಾವು ರಸ್ತೆಯಲ್ಲೇ ನಿಂತಿರುತ್ತೇವೆ, ಬೀದಿಯನ್ನೆಲ್ಲ ಕೂಗಿ ಸೇರಿಸಿ ಹತ್ತಿ ಬರುತ್ತೇವೆ.

ಅಲ್ಲಿಯವರೆಗೆ ಕನ್ನಡಿಯ ಕಡೆ ನೋಡಬೇಡ. ಅವನಿಗೆ ಬೇಕಾಗಿರುವುದು ನಿನ್ನ ಹೆದರಿದ ಮುಖ. ಒಂದು ಸಲ ನನ್ನ ಕಾಗದದಿಂದಲೇ ಅವನಿಗೆ ಅದು ಸಿಕ್ಕಿತು. ಇನ್ನೊಂದು ಸಲ ಕೊಡಬೇಡ. ಇದನ್ನು ಓದುವಾಗಲೂ ಅವನು ನೋಡುತ್ತಿರುತ್ತಾನೆ. ಬಳ್ಳಿ ಚೆನ್ನಾಗಿದೆ ಅನ್ನುವ ಹಾಗೆ ನಗು. ಅಷ್ಟು ನಟನೆ ನನಗೋಸ್ಕರ ಮಾಡು.

ಓದಿದ್ದೀಯ ಅಂತ ನನಗೆ ತಿಳಿಯಬೇಕು. ಸೋಮವಾರದೊಳಗೆ ಉತ್ತರ ನನ್ನ ಕೈ ಸೇರುವುದಿಲ್ಲ ಅಂತ ಗೊತ್ತು, ರಾತ್ರಿ ದೀಪ ಆರಿಸಿದ ಮೇಲೆ ಕಿಟಕಿಯಿಂದ ಹೊಲಿಗೆಯಮ್ಮನ ಅಂಗಡಿಯ ಮುಂದೆ ಬೀಳಿಸು. ಬಳ್ಳಿ ಹಿಡಿಸಲಿಲ್ಲ ಅಂತ ಬೇಕಾದರೂ ಬರಿ, ನನ್ನನ್ನು ಬೈದು ಬೇಕಾದರೂ ಬರಿ, ಒಂದೇ ಸಾಲು ಸಾಕು. ಹೆಸರು ಮಾತ್ರ ಉಲ್ಟಾ ಇರಲಿ. ಬೇಗ ಬರಿ ಮಗಳೇ, ಬೇಗ.